ಮಾಂಸ ಉಳಿಯಬೇಕು, ಹೊದಿಕೆ ಕೊಳೆಯಬೇಕು

ಹಸಿ ಮಾಂಸ ಸುತ್ತುವ ಹೊದಿಕೆಗೆ ನಾವು ಹೊರಿಸಿರುವ ಕೆಲಸ ಸಣ್ಣದಲ್ಲ. ಮಾಂಸ ಒಳಗಿರುವಷ್ಟು ದಿನ ಅದು ಬ್ಯಾಕ್ಟೀರಿಯಾಗಳಿಗೆ ಸೋಲಬಾರದು, ತಿಪ್ಪೆಗೆ ಬಿದ್ದ ಮೇಲೆ ಬೇಗ ಸೋಲಬೇಕು. ಸಿಗಡಿ, ಏಡಿಗಳ ಚಿಪ್ಪಿನಿಂದ ತಯಾರಾಗುವ ಕೈಟೋಸಾನ್ ಫಿಲಂ ಇವೆರಡನ್ನೂ ಮಾಡುತ್ತದೆಂದು ಸಂಶೋಧಕರು ಅದರ ಬೆನ್ನು ಹತ್ತಿದ್ದಾರೆ. ಅವರ ಭರವಸೆಯಲ್ಲಿ ಹುರುಳಿದೆ. ಕೈಟೋಸಾನಿನ ಧನ ವಿದ್ಯುದಂಶ ಬ್ಯಾಕ್ಟೀರಿಯಾದ ಋಣ ಹೊರಮೈಗೆ ಅಂಟಿ ಅದನ್ನು ಸೋರುವಂತೆ ಮಾಡುತ್ತದೆ. ಒಣಗಿದ್ದಾಗ ಈ ಫಿಲಂ ಆಮ್ಲಜನಕವನ್ನೂ ಚೆನ್ನಾಗಿ ತಡೆಯುವುದರಿಂದ ಕೊಬ್ಬು ಬೇಗ ಕಮಟುವುದಿಲ್ಲ.

ತೊಡಕಿರುವುದು ಆ 'ಒಣಗಿದ್ದಾಗ' ಎಂಬಲ್ಲೇ. ಕತ್ತರಿಸಿದ ಮಾಂಸ ಸುಮ್ಮನಿರುವುದಿಲ್ಲ, ಕೆಂಪು ನೀರು ಬಿಡುತ್ತಲೇ ಇರುತ್ತದೆ. ಆ ನೀರು ತಾಗಿದ ಕಡೆ ಫಿಲಂ ಉಬ್ಬಿ, ಸಡಿಲಾಗಿ, ತುಂಡಿಗೆ ಮೆತ್ತಿಕೊಳ್ಳುತ್ತದೆ. ಗಾಳಿ ತಡೆಯುವ ಶಕ್ತಿಯೂ ಅಲ್ಲಿಗೆ ಕುಗ್ಗುತ್ತದೆ. ಅದು ಬ್ಯಾಕ್ಟೀರಿಯಾ ಕೊಲ್ಲುವುದೂ ತಾನು ಮುಟ್ಟಿದ ಮೇಲ್ಮೈಯಲ್ಲಿ ಮಾತ್ರ. ಇಡೀ ತುಂಡಿಗೆ ಅಷ್ಟು ಸಾಕಾಗಬಹುದು, ಖೀಮಾಕ್ಕೆ ಸಾಲದು. ನೀರು ತಡೆಯಲೆಂದು ಮೆಕ್ಕೆಜೋಳದಿಂದ ಮಾಡುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ಪದರ ಸೇರಿಸಿದರೆ ಬೇರೊಂದು ಕಡೆ ಸಿಕ್ಕಿಬೀಳುತ್ತೇವೆ: ಪಿಎಲ್‌ಎ ಸರಿಯಾಗಿ ಕೊಳೆಯಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಕಾವಿರುವ ಗೊಬ್ಬರ ಘಟಕ ಬೇಕು. ಹಿತ್ತಲ ಗುಂಡಿಯಲ್ಲಿ ಅದು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಅಂಥ ಘಟಕವಿಲ್ಲದ ಊರಿನಲ್ಲಿ 'ಜೈವಿಕವಾಗಿ ಕೊಳೆಯುತ್ತದೆ' ಎಂದು ಅಚ್ಚುಹಾಕಿ ಮಾರುವುದು ನನ್ನ ಮಟ್ಟಿಗೆ ಗ್ರಾಹಕರಿಗೆ ಮಾಡುವ ವಂಚನೆ.

ಇನ್ನೊಂದು ಮಾತು. ಈ ಫಿಲಂಗಳ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದು 4 ಡಿಗ್ರಿ ತಂಪಿನಲ್ಲಿ. ನಮ್ಮ ಮಟನ್ ಅಂಗಡಿಯಲ್ಲಿ ಬೆಳಿಗ್ಗೆ ಕೊಯ್ದದ್ದು ಮಧ್ಯಾಹ್ನದ ಹೊತ್ತಿಗೆ ಸಾರಾಗಿರುತ್ತದೆ. ಅಲ್ಲಿ ಬೇಕಿರುವುದು ಒಂದು ಗಂಟೆ ಸೋರದ ಕಟ್ಟು ಅಷ್ಟೆ. ಹಳೇ ಮೈಸೂರು ಸೀಮೆಯಲ್ಲಿ ಹಲವರು ಕೂಡಿ ಪಾಲು ಹಾಕಿಕೊಳ್ಳುವ ಗುಡ್ಡೆ ಬಾಡು ಹಂಚುವಾಗ ಮುತ್ತುಗದ ಎಲೆಗೆ ಆ ಕೆಲಸ ಗೊತ್ತಿತ್ತು. 2016ರಲ್ಲಿ ಕರ್ನಾಟಕ ಪ್ಲಾಸ್ಟಿಕ್ ಚೀಲ ನಿಷೇಧಿಸಿದ ಮೇಲೂ ಕಪ್ಪು ಕವರ್ ಎಷ್ಟೋ ಅಂಗಡಿಗಳಲ್ಲಿ ನೇತಾಡುತ್ತಿದೆ. ಅದಕ್ಕೆ ಬದಲಾಗಿ ದುಬಾರಿ ಫಿಲಂ ಬೇಕಿಲ್ಲ. ಸ್ಟೀಲ್ ಡಬ್ಬಿ ತಂದವರಿಗೆ ಎರಡು ರೂಪಾಯಿ ಕಡಿಮೆ ಮಾಡಿದರೂ ನಡೆಯುತ್ತದೆ.

ಹಾಗೆಂದು ಗಿಡದಿಂದ ಬಂದದ್ದೆಲ್ಲ ನಿರಪಾಯವೆಂದು ನಂಬುವಂತಿಲ್ಲ. ಅಡಿಕೆಯ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದೆಂದು 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ನಮ್ಮ ಹಾಳೆತಟ್ಟೆಗಳ ಆಮದಿಗೆ ತಡೆಯೊಡ್ಡಿತು. ಮಲೆನಾಡಿನ ಹಾಳೆತಟ್ಟೆ ಉದ್ಯಮಕ್ಕೆ ಅದು ನೋವಿನ ಸುದ್ದಿ. ಆದರೂ ಹೊದಿಕೆಯಿಂದ ಆಹಾರಕ್ಕೆ ಏನು ಇಳಿಯುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಲವಂಗದೆಣ್ಣೆ ಬೆರೆಸಿದ ಕೈಟೋಸಾನ್ ಫಿಲಂ ತಯಾರಿಸುವವರೂ ಅದಕ್ಕೆ ಉತ್ತರ ಕೊಡಬೇಕು.

ಕೈಟೋಸಾನ್ ಮೊದಲು ಗೆಲ್ಲಬಲ್ಲ ಜಾಗ ಸೂಪರ್ ಮಾರ್ಕೆಟ್ಟಿನ ತಂಪು ಕಪಾಟು. ಅಲ್ಲೂ ಮೇಲಿನ ಫಿಲಂ ಆಗಿ ಅಲ್ಲ, ಟ್ರೇಯಲ್ಲಿ ಮಾಂಸದ ಅಡಿಗಿರುವ ಪ್ಯಾಡ್ ಆಗಿ. ಇಂದು ಅಲ್ಲಿ ಹಲವೆಡೆ ಇರುವುದು ನೀರು ಹೀರುವ ಕೃತಕ ಪಾಲಿಮರ್, ಕಸಕ್ಕೆ ಹೋದರೆ ಸುಲಭಕ್ಕೆ ಕೊಳೆಯದ ವಸ್ತು. ಪ್ಯಾಡಿನ ಕೆಲಸವೇ ನೀರು ಹೀರಿ ಉಬ್ಬುವುದು. ಬ್ಯಾಕ್ಟೀರಿಯಾ ಹೆಚ್ಚು ಬೆಳೆಯುವುದೂ ಅಲ್ಲಿ ನಿಂತ ಆ ಕೆಂಪು ನೀರಿನಲ್ಲೇ.