ಅನುಮೋದನೆಯೂ ಕರ್ಮವೇ: ‘ಇಸ್ರೇಲಿಸಂ’ ಸಾಕ್ಷ್ಯಚಿತ್ರದ ಒಂದು ವಿಮರ್ಶೆ

ಹಿಂಸೆಯನ್ನು ತಾನೇ ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಅಂದರೆ ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಆಸ್ರವದ ಪ್ರಕರಣದಲ್ಲಿ ಒಟ್ಟಿಗೇ ಎಣಿಸುತ್ತದೆ. ಎರಿನ್ ಆ್ಯಕ್ಸೆಲ್‌ಮನ್ ಮತ್ತು ಸ್ಯಾಮ್ ಐಲರ್ಟ್‌ಸನ್ ನಿರ್ದೇಶಿಸಿದ, 2023ರಲ್ಲಿ ತೆರೆಕಂಡ ‘ಇಸ್ರೇಲಿಸಂ’ ಎಂಬ ಅಮೆರಿಕದ ಸಾಕ್ಷ್ಯಚಿತ್ರವನ್ನು ನೋಡುವ ಶ್ರಾವಕನಿಗೆ ಇವುಗಳಲ್ಲಿ ಮೂರನೆಯದು ಮತ್ತೆ ಮತ್ತೆ ನೆನಪಾಗದಿರದು.

ಅಮೆರಿಕದ ಅನೇಕ ಯೆಹೂದಿ ಮನೆ, ಶಾಲೆ, ಬೇಸಿಗೆ ಶಿಬಿರಗಳಲ್ಲಿ ಇಸ್ರೇಲ್ ದೇಶದ ಮೇಲಣ ಪ್ರೀತಿಯನ್ನು ಧರ್ಮಶ್ರದ್ಧೆಯೊಡನೆಯೇ ಬೆರೆಸಿ ಕಲಿಸುತ್ತಾರೆ. 1967ರಿಂದ ಸೈನಿಕ ಆಡಳಿತದ ಅಡಿಯಲ್ಲಿ ಬಾಳುತ್ತಿರುವ ವೆಸ್ಟ್ ಬ್ಯಾಂಕ್‌ನ ಪ್ಯಾಲೆಸ್ಟೀನಿಯರ ಸುದ್ದಿ ಆ ಪಾಠದಲ್ಲಿ ಬಾರದು ಎಂಬುದು ಚಿತ್ರದ ವಾದ. ಇಂಥ ಶಾಲೆಯಲ್ಲಿ ಬೆಳೆದ ಸಿಮೋನ್ ಜಿಮ್ಮರ್‌ಮನ್, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಇಸ್ರೇಲಿನ ಪರವಾಗಿ ವಾದಿಸಲು ಹೊರಟು, ಎದುರಿನವರ ಪ್ರಶ್ನೆಗಳಿಗೆ ತಮ್ಮಲ್ಲಿ ಉತ್ತರವಿಲ್ಲವೆಂದು ಕಂಡುಕೊಂಡವರು. ಮುಂದೆ 2014ರಲ್ಲಿ ‘ಇಫ್ ನಾಟ್ ನೌ’ ಸಂಘಟನೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಪಾಠಶಾಲೆ ನಡೆಸುವ ಬಸದಿಗಳ ಆಡಳಿತ ಮಂಡಳಿಯವರು ಈ ಭಾಗವನ್ನು ನೋಡಬೇಕು. ಮಕ್ಕಳ ಭಕ್ತಿಯನ್ನು ಬೆಳೆಸುವುದಕ್ಕೂ ಅವರ ಪ್ರಶ್ನೆಯನ್ನು ಅಡಗಿಸುವುದಕ್ಕೂ ಇರುವ ಅಂತರ ಎಷ್ಟು ಕಿರಿದೆಂಬುದು ಇಲ್ಲಿ ಕಾಣುತ್ತದೆ.

ಚಿತ್ರದ ಹೃದಯವಿರುವುದು ಮತ್ತೊಬ್ಬನಲ್ಲಿ. ಶಾಲೆ ಮುಗಿಸಿ, ಅಮೆರಿಕ ಬಿಟ್ಟು, ಇಸ್ರೇಲಿನ ಸೈನ್ಯ ಸೇರಿದ ಯುವಕ. ಕಣ್ಣುಕಟ್ಟಿದ ಬಂದಿಯನ್ನು ಇತರ ಸೈನಿಕರು ಹೊಡೆಯುತ್ತಿದ್ದಾಗ ತಾನು ತಡೆಯಲಿಲ್ಲವೆಂದು ಅವನು ಹೇಳಿಕೊಳ್ಳುತ್ತಾನೆ. ಅವನು ಕೈಯೆತ್ತಿದವನಲ್ಲ, ಎತ್ತಿಸಿದವನೂ ಅಲ್ಲ. ಆದರೂ ಆ ಮೌನವನ್ನು ತನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತಾನೆ. ದೋಷವನ್ನು ಮನಸ್ಸಿನೊಳಗೇ ಹಳಿದುಕೊಳ್ಳುವುದು ನಿಂದೆ, ಪರರ ಎದುರು ಒಪ್ಪಿಕೊಳ್ಳುವುದು ಗರ್ಹೆ ಎಂದು ಪ್ರತಿಕ್ರಮಣದ ಸಂದರ್ಭದಲ್ಲಿ ಹೇಳುವುದುಂಟು. ಆ ಹೆಸರುಗಳನ್ನು ಕೇಳಿಯೇ ಇರದ ಯುವಕನೊಬ್ಬ ಕ್ಯಾಮೆರಾದ ಮುಂದೆ ಗರ್ಹೆಯನ್ನೇ ಮಾಡುತ್ತಾನೆ. ನಿರ್ದೇಶಕರು ಈ ಭಾಗವನ್ನು ಇನ್ನಷ್ಟು ಹೊತ್ತು ನಿಲ್ಲಿಸಿದ್ದರೆ ಒಳ್ಳೆಯದಿತ್ತು.

ಅನೇಕಾಂತದ ದೃಷ್ಟಿಯಿಂದ ಚಿತ್ರದ ಕೊರತೆಯೂ ಸಣ್ಣದಲ್ಲ. ಹಿರಿಯ ತಲೆಮಾರಿನ ಪರವಾಗಿ ಮಾತನಾಡುವ ಏಬ್ ಫಾಕ್ಸ್‌ಮನ್ ಶೈಶವದಲ್ಲಿ ನಾಜಿಗಳ ಕೈಗೆ ಸಿಗದಂತೆ ಕ್ಯಾಥೊಲಿಕ್ ದಾದಿಯೊಬ್ಬಳ ಮಡಿಲಲ್ಲಿ ಉಳಿದವರು. ಸುಮಾರು 60 ಲಕ್ಷ ಯೆಹೂದಿಗಳ ಹತ್ಯೆಯಾದ ಕಾಲವದು. ಅಂಥವರ ಭಯ ಕೇವಲ ಹಟವಲ್ಲ. ಅದೂ ಒಂದು ನಯ. ಚಿತ್ರವು ಅವರ ವಾದವನ್ನು ಖಂಡಿಸಲು ತೋರುವ ಉತ್ಸಾಹವನ್ನು ಅವರ ಭಯವನ್ನು ಅರಿಯಲು ತೋರಿಲ್ಲ. ಬೆಥ್ಲೆಹೆಮ್‌ನ ಪ್ಯಾಲೆಸ್ಟೀನೀಯ ಅಹಿಂಸಾ ಕಾರ್ಯಕರ್ತ ಸಾಮಿ ಅವಾದ್ ಆ ಭಯವನ್ನು ಅರಿಯಲೆಂದೇ ಆಶ್ವಿಟ್ಜ್‌ಗೆ ಹೋಗಿಬಂದವರು. ಅವರೂ ಇದೇ ಚಿತ್ರದಲ್ಲಿದ್ದಾರೆ. ನಿರ್ದೇಶಕರು ಅವರಿಂದ ಕಲಿಯಬಹುದಿತ್ತು.

2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1,200 ಜನ ಸತ್ತರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು ಹತ್ತಾರು ಸಾವಿರ. ಅದಕ್ಕೆ ಮೊದಲೇ ಸಿದ್ಧವಾದ ಈ ಚಿತ್ರವನ್ನು ಆ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಹಂಟರ್ ಕಾಲೇಜಿನಲ್ಲಿ ತೋರಿಸಬೇಕಿತ್ತು. ಕಾಲೇಜು ಅದನ್ನು ರದ್ದುಪಡಿಸಿತು. ಚಿತ್ರ ಏಕಪಕ್ಷೀಯವೆನ್ನುವವರು ತಮ್ಮ ಪಕ್ಷವನ್ನು ಮಂಡಿಸಲು ಅದಕ್ಕಿಂತ ತಕ್ಕ ಸಭೆ ಸಿಗುತ್ತಿರಲಿಲ್ಲ. ಅಧ್ಯಾಪಕರೂ ವಿದ್ಯಾರ್ಥಿಗಳೂ ಪ್ರತಿಭಟಿಸಿದ ಮೇಲೆ, ಡಿಸೆಂಬರ್‌ನಲ್ಲಿ, ಅದೇ ಕಾಲೇಜಿನಲ್ಲಿ ಚಿತ್ರ ಪ್ರದರ್ಶನಗೊಂಡಿತು.