ಹರಿದುಹಾಕಿದ ಕಾಗದ
(ಆರ್. ಕೆ. ನಾರಾಯಣರ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿಯನ್ನು ಕುರಿತು)

ಮೈಸೂರಿನಲ್ಲಿ ನೆಲಸಿ, ಇಂಗ್ಲಿಷಿನಲ್ಲಿ ಬರೆದು, ಮಾಲ್ಗುಡಿಯೆಂಬ ಕಲ್ಪಿತವಾದ ಊರನ್ನು ಲೋಕಪ್ರಸಿದ್ಧವಾಗಿ ಮಾಡಿದ ಶ್ರೀ ಆರ್. ಕೆ. ನಾರಾಯಣರ (1906-2001) ‘ದಿ ಇಂಗ್ಲಿಷ್ ಟೀಚರ್’ 1945ರಲ್ಲಿ ಪ್ರಕಟವಾಯಿತು. ಇದನ್ನು ದಾಂಪತ್ಯದ ಕಥೆಯೆಂದೂ ವಿಯೋಗದ ಕಥೆಯೆಂದೂ ಓದುವುದು ವಾಡಿಕೆ. ಅದು ಸಹಜವೇ. ಗ್ರಂಥಕರ್ತರ ಪತ್ನಿ ರಾಜಂ 1939ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡರು. ಕಥೆಯ ಸುಶೀಲೆಯೂ ಅದೇ ಜ್ವರಕ್ಕೆ ತುತ್ತಾಗುವಳು. ‘ಮೈ ಡೇಸ್’ (1974) ಎಂಬ ಆತ್ಮಕಥೆಯಲ್ಲಿ ನಾರಾಯಣರೇ ಈ ಸಂಬಂಧವನ್ನು ಮುಚ್ಚುಮರೆಯಿಲ್ಲದೆ ಹೇಳಿರುವರು. 1953ರಲ್ಲಿ ಅಮೆರಿಕದ ಪ್ರಕಾಶಕರಂತೂ ಹೆಸರಿನಿಂದ ಉಪಾಧ್ಯಾಯನನ್ನೇ ತೆಗೆದುಹಾಕಿ, ಜೀವನ ಮರಣಗಳಿಗೆ ಕೃತಜ್ಞತೆ ಎಂಬರ್ಥದ ಶೀರ್ಷಿಕೆಯನ್ನು ಕೊಟ್ಟರು. ಆದರೆ ಗ್ರಂಥಕರ್ತರು ಮೊದಲು ಇಟ್ಟ ಹೆಸರು ವೃತ್ತಿಯ ಹೆಸರು. ಅದನ್ನೇ ಹಿಡಿದು ಓದಿದರೆ ಈ ಪುಸ್ತಕದಲ್ಲಿ ಮತ್ತೊಂದು ಪ್ರಶ್ನೆ ಎದುರಾಗುತ್ತದೆ. ನಮ್ಮ ಕಾಲೇಜುಗಳ ತರುಣ ಅಧ್ಯಾಪಕರಿಗೆ ಅದು ಇಂದಿಗೂ ಹಳೆಯದಾಗಿಲ್ಲ.

ಕಥಾನಾಯಕನಾದ ಕೃಷ್ಣನು ಆಲ್ಬರ್ಟ್ ಮಿಷನ್ ಕಾಲೇಜಿನಲ್ಲಿ ಇಂಗ್ಲಿಷು ಕಲಿಸುವ ಕಿರಿಯ ಉಪಾಧ್ಯಾಯ. ತಿಂಗಳಿಗೆ ನೂರು ರೂಪಾಯಿ ಸಂಬಳ. ಹೊಟ್ಟೆಗೆ ಬಟ್ಟೆಗೆ ಕೊರತೆಯಿಲ್ಲ. ಆದರೂ ಮನಸ್ಸಿಗೆ ಏನೋ ಒಂದು ಅತೃಪ್ತಿ. ಬೆಳಗ್ಗೆ ಬೇಗನೆ ಏಳಬೇಕು, ನದಿಯ ಕಡೆ ತಿರುಗಾಡಬೇಕು, ಕವಿತೆ ಬರೆಯಬೇಕು ಎಂಬ ಸಂಕಲ್ಪಗಳಿಗೆ ಲೆಕ್ಕವಿಲ್ಲ. ಒಬ್ಬ ವಿದ್ಯಾರ್ಥಿಯು ಒಂದು ಇಂಗ್ಲಿಷು ಪದದಲ್ಲಿ ಒಂದು ಸ್ವರಾಕ್ಷರವನ್ನು ಬಿಟ್ಟು ಬರೆದನೆಂದು ಪ್ರಿನ್ಸಿಪಾಲ್ ಬ್ರೌನರು ಅಧ್ಯಾಪಕರನ್ನೆಲ್ಲ ಕೂಡಿಸಿ ಭಾಷಾಶುದ್ಧಿಯ ವಿಷಯದಲ್ಲಿ ಉಪನ್ಯಾಸ ಮಾಡುವರು. ಸಹೋದ್ಯೋಗಿ ಗಜಪತಿಗೆ ಇದು ಮಹಾಪರಾಧವಾಗಿ ಕಾಣುವುದು. ಕೃಷ್ಣನಿಗೆ ನಗೆ, ನಗೆಯ ಹಿಂದೆಯೇ ಬೇಸರ. ದೊಡ್ಡ ಅನ್ಯಾಯವಾದರೆ ಎದುರಿಸಿ ನಿಲ್ಲಬಹುದು. ಬಿಟ್ಟುಹೋದ ಒಂದು ಅಕ್ಷರದ ವಿರುದ್ಧ ಯಾರು ತಾನೆ ದಂಗೆಯೇಳಬಲ್ಲರು? ಕಿರಿಯ ಅಧ್ಯಾಪಕನನ್ನು ಸವೆಯಿಸುವುದು ಇಂಥ ಸಣ್ಣತನವೇ ಎಂಬುದನ್ನು ನಾರಾಯಣರು ದನಿಯೇರಿಸದೆ ತೋರಿಸಿಕೊಟ್ಟಿರುವರು.

ಈ ಒತ್ತಡದಿಂದ ಪಾರಾಗಲು ಕೃಷ್ಣನು ಹಿಡಿಯುವ ಉಪಾಯಗಳು ನಮಗೆ ಅಪರಿಚಿತವಲ್ಲ. ಪಾಠಕ್ಕೆ ಸಿದ್ಧನಾಗದೆ ಹೋದ ದಿನ ಹಾಜರಿ ಕರೆಯುವುದನ್ನೇ ನಿಧಾನಮಾಡಿ ಹೊತ್ತು ಕಳೆಯುವನು. (ಈ ವಿದ್ಯೆಯನ್ನು ಅರಿಯದ ಅಧ್ಯಾಪಕರು ನಮ್ಮ ವಾಚಕರಲ್ಲಿ ಯಾರಾದರೂ ಇದ್ದರೆ ಅವರಿಗೆ ನಮಸ್ಕಾರ.) ಆದರೆ ಸ್ವಾರಸ್ಯವಿರುವುದು ಮುಂದೆ. ಹಾಗೆ ಹೊತ್ತು ಕೊಲ್ಲಲೆಂದು ‘ಕಿಂಗ್ ಲಿಯರ್’ ನಾಟಕವನ್ನು ತೆರೆದು ಓದತೊಡಗಿದವನು ಬಿರುಗಾಳಿಯಲ್ಲಿ ಸಿಕ್ಕ ಮುದುಕ ರಾಜನ ಮಾತುಗಳಿಗೆ ತಾನೇ ಸೋತು, ತರಗತಿಯನ್ನೂ ಪರೀಕ್ಷೆಯನ್ನೂ ಕ್ಷಣಕಾಲ ಮರೆಯುವನು. ಇಡೀ ಕಾದಂಬರಿಯಲ್ಲಿ ಕಾಲೇಜಿನ ಪರವಾಗಿ ಹೇಳಿರುವ ಮಾತು ಇದೊಂದೇ ಎನ್ನಬಹುದು. ಕೆಲಸವು ಕೊಡುವ ದಣಿವನ್ನು ಕೆಲಸದೊಳಗಿನದೇ ಒಂದು ರಸನಿಮಿಷವು ತೊಳೆಯುವುದು. ಗಂಟೆ ಹೊಡೆದೊಡನೆ ಅದೂ ಮುಗಿಯುವುದು.

ಇನ್ನೊಂದು ಆಸರೆ ಮನೆ. ಸುಶೀಲೆಯು ಮಗುವಿನೊಡನೆ ಬಂದು ಸಂಸಾರ ಹೂಡಿದ ಮೇಲೆ ಕೃಷ್ಣನ ಬೇಸರವು ಹಿಂದೆ ಸರಿಯುತ್ತದೆ. ಆಕೆ ಮನೆಯ ಖರ್ಚನ್ನು ಬಿಗಿಯಾಗಿ ನಡೆಸುವಳು; ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಳ್ಳುವ ಅವನ ಹಳೆಯ ಗಡಿಯಾರವನ್ನು ಮಾರಿಬಿಟ್ಟು ಜಗಳಕ್ಕೂ ಕಾರಣಳಾಗುವಳು. ಇಲ್ಲಿಯ ಪುಟಗಳು ಅತ್ಯಂತ ಮನೋಹರವಾದುವು. ಆದರೆ ಆ ನೂರು ರೂಪಾಯಿಯನ್ನು ಸಹ್ಯವಾಗಿ ಮಾಡುವ ಸಂಸಾರವೇ ಅದನ್ನು ಅನಿವಾರ್ಯವಾಗಿಯೂ ಮಾಡುತ್ತದೆಂಬುದನ್ನು ವಾಚಕರು ಮರೆಯಬಾರದು.

ಕಾದಂಬರಿಯ ಎರಡು ಭಾಗಗಳು ಕೂಡಿಬಂದಿಲ್ಲವೆಂದು ಆಕ್ಷೇಪಿಸಿದವರುಂಟು. ಸುಶೀಲೆಯ ಮರಣದ ಬಳಿಕ ಬರುವ ಪರಲೋಕದ ಸಂಭಾಷಣೆಗಳು ನಮಗೂ ಅಷ್ಟಾಗಿ ಹಿಡಿಸವು. ಆದರೆ ನಮ್ಮ ಆಕ್ಷೇಪಣೆ ಬೇರೆ. ಕೊನೆಗೆ ಕೃಷ್ಣನು ರಾಜೀನಾಮೆ ಕೊಡುವನು. ಮೊದಲು, ಈ ವಿದ್ಯಾಪದ್ಧತಿಯು ನಮ್ಮನ್ನು ಗುಮಾಸ್ತರನ್ನಾಗಿ ಮಾಡಿತೆಂದು ದೀರ್ಘವಾದ ಒಂದು ಖಂಡನಪತ್ರವನ್ನು ಬರೆಯುವನು. ಆಮೇಲೆ ಅದನ್ನು ಹರಿದುಹಾಕಿ ನಾಲ್ಕು ಸಾಲಿನ ಕಾಗದವನ್ನು ಕೊಡುವನು. ಆ ಹರಿದುಹಾಕುವಿಕೆ ಕಲೆಗಾರನ ಸಂಯಮ, ಸರಿಯೇ. ಆದರೆ ಕೃಷ್ಣನು ಬಿಟ್ಟದ್ದು ಪದ್ಧತಿಯು ಸುಳ್ಳೆಂಬುದಕ್ಕಾಗಿಯೋ, ಮನೆ ಬರಿದಾಯಿತೆಂಬುದಕ್ಕಾಗಿಯೋ? ಸುಶೀಲೆ ಬದುಕಿದ್ದರೆ ಅವನು ಮಕ್ಕಳ ಶಾಲೆಯ ಇಪ್ಪತ್ತೈದು ರೂಪಾಯಿಗೆ ಒಪ್ಪುತ್ತಿದ್ದನೆ? ಒಪ್ಪುತ್ತಿರಲಿಲ್ಲವೆಂದೇ ನಮಗೆ ತೋರುತ್ತದೆ. ಮಗು ಹಳ್ಳಿಯಲ್ಲಿ ಅಜ್ಜ ಅಜ್ಜಿಯರ ಬಳಿ ಇದೆ. ಬೇಡುವವರಿಲ್ಲದ ಮನೆಯವನು ಸ್ವತಂತ್ರನಾದನು. ಅವನ ಬಿಡುಗಡೆಗೆ ತೆತ್ತ ಬೆಲೆ ಸುಶೀಲೆಯ ಜೀವವೆಂಬ ಘೋರವಾದ ಅರ್ಥವು ಕಥೆಯೊಳಗೇ ಅಡಗಿದೆ; ಗ್ರಂಥಕರ್ತರು ಅದನ್ನು ಅರ್ಧ ಹೇಳಿ, ಉಳಿದರ್ಧದ ಮೇಲೆ ಶಾಂತಿಯ ತೆರೆಯನ್ನು ಎಳೆದಿರುವರು. ನಾರಾಯಣರೇ ಚನ್ನಪಟ್ಟಣದ ಶಾಲೆಯ ಉಪಾಧ್ಯಾಯ ಪದವಿಯನ್ನು ಹೆಚ್ಚು ಕಾಲ ನಿಲ್ಲದೆ ಬಿಟ್ಟುಬಂದವರು. ಬಿಡುವವನ ಸುಖವನ್ನು ಅವರು ಬಲ್ಲರು.

ಬಿಡಲಾರದವನ ವಿಷಯವೇನು? ಇಂದು ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಭಾರದ ದೊಡ್ಡ ಪಾಲನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆ ದುಡಿದರೂ ಅತಿಥಿಗಳು. ಅವರಿಗೆ ದೊರೆಯುವುದು ಸಂಬಳವಲ್ಲ, ಗೌರವಧನ. ಅತಿಥಿಯೆಂಬ ಹಳೆಯ ಮಾತಿಗೆ ಇಂಥ ಅರ್ಥ ಬಂದೀತೆಂದು ಯಾರು ಎಣಿಸಿದ್ದರು! 2021ರ ಡಿಸೆಂಬರಿನಲ್ಲಿ ಅವರು ತರಗತಿಗಳನ್ನು ಬಹಿಷ್ಕರಿಸಿ ಸೇವಾಭದ್ರತೆಯನ್ನು ಕೇಳಿದರು. ಅವರ ಮನೆಗಳಲ್ಲಿ ಸುಶೀಲೆಯರೂ ಮಕ್ಕಳೂ ಇದ್ದಾರೆ. ಕೃಷ್ಣನು ಹರಿದುಹಾಕಿದ ಕಾಗದ ಅವರಿಗೆ ಬೇಕಾದೀತು. ಅವನು ಕೊಟ್ಟ ಕಾಗದದಿಂದ ಅವರಿಗೆ ಉಪಯೋಗವಿಲ್ಲ.

ಈ ದೃಷ್ಟಿಯಿಂದ ನೋಡಿದಾಗ ಕಾದಂಬರಿಯಲ್ಲಿ ಅನ್ಯಾಯಕ್ಕೊಳಗಾದವನು ಗಜಪತಿ. ಅವನು ನಗೆಗೀಡಾಗಿ ಬರುವನು, ಮೇಲಿನವರಿಗೆ ಅಂಜುವನು, ಅಕ್ಷರಕ್ಕಾಗಿ ಚಿಂತಿಸುವನು. ಅವನ ಮನೆಯೊಳಗೆ ಗ್ರಂಥಕರ್ತರು ನಮ್ಮನ್ನು ಕರೆದೊಯ್ಯುವುದಿಲ್ಲ. ಕೃಷ್ಣನ ಬೀಳ್ಕೊಡುಗೆಯ ಹಾರಗಳು ಬಾಡಿದ ಮೇಲೆ ಗಜಪತಿಯು ಎಂದಿನಂತೆ ಹಾಜರಿ ಪುಸ್ತಕವನ್ನು ಹಿಡಿದು ತರಗತಿಗೆ ಹೋಗಿರಬೇಕು. ಆ ಅಧ್ಯಾಯವನ್ನು ನಾರಾಯಣರು ಬರೆಯಲಿಲ್ಲ.