ಕಾಂಪೌಂಡಿನೊಳಗಿನ ಕಾಸರಗೋಡು

ಸಿನಿಮಾ ವಿಮರ್ಶೆ ನಮ್ಮ ಕಸುಬಲ್ಲ. ಆದರೂ ರಿಷಬ್ ಶೆಟ್ಟಿ ನಿರ್ದೇಶಿಸಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರದ ಬಗ್ಗೆ ನಾಲ್ಕು ಮಾತು ಬರೆಯಲೇಬೇಕೆನಿಸಿದೆ. ಅದನ್ನು ನಾವು ಮೂರು ಸಲ ನೋಡಿದ್ದೇವೆ. ಮೂರು ಸಲವೂ ಪರದೆಗಿಂತ ಹೆಚ್ಚಾಗಿ ಪಕ್ಕದಲ್ಲಿ ಕುಳಿತವರ ಮುಖವನ್ನೇ ನೋಡಿದ್ದೇವೆ. ಮೊದಲನೆಯದು 2018ರ ಆಗಸ್ಟ್‌ನಲ್ಲಿ, ಚಿತ್ರ ತೆರೆಕಂಡ ವಾರ, ಮೈಸೂರಿನಲ್ಲಿ. ಉಳಿದೆರಡು ಈಚೆಗೆ. ಒಂದು ಸಲ ನಂಜನಗೂಡಿನ ಗೆಳೆಯರೊಬ್ಬರ ಮನೆಯ ಹಜಾರದಲ್ಲಿ, ಇನ್ನೊಂದು ಸಲ ತಿ. ನರಸೀಪುರದ ಟೈಲರ್ ಅಂಗಡಿಯೊಂದರ ಮಹಡಿಯ ಮೇಲೆ.

ಚಿತ್ರ ನೋಡದವರಿಗಾಗಿ ಕತೆ ಇಷ್ಟು. ಕಾಸರಗೋಡಿನ ಗಡಿಭಾಗದ ಒಂದು ಹಳ್ಳಿ, ಅಲ್ಲೊಂದು ಸರ್ಕಾರಿ ಕನ್ನಡ ಶಾಲೆ. ಓದಿನಲ್ಲಿ ಹಿಂದೆ ಬಿದ್ದ ಪ್ರವೀಣ, ಅವನ ಗೆಳೆಯ ಮಮ್ಮೂಟ್ಟಿ, ಅವನು ಕದ್ದು ನೋಡುವ ಸಹಪಾಠಿ ಪಲ್ಲವಿ. ಶಾಲೆಗೆ ಬಂದ ಗಣಿತದ ಮೇಷ್ಟ್ರಿಗೆ ಮಲಯಾಳ ಮಾತ್ರ ಗೊತ್ತು, ಮಕ್ಕಳಿಗೆ ಕನ್ನಡ ಮಾತ್ರ. ಕೊನೆಗೆ ಶಾಲೆಯನ್ನೇ ಮುಚ್ಚುವ ಹುನ್ನಾರ ನಡೆಯುತ್ತದೆ. ಮಕ್ಕಳು ಮೈಸೂರಿಗೆ ಬಂದು ಅನಂತಪದ್ಮನಾಭರನ್ನು, ಎಂದರೆ ಅನಂತನಾಗ್ ಅವರನ್ನು, ಕರೆದೊಯ್ಯುತ್ತಾರೆ. ಮುಂದಿನದು ನ್ಯಾಯಾಲಯ, ವಾದ. ವಾಸುಕಿ ವೈಭವ್ ಅವರ ಹಾಡುಗಳು ನಮ್ಮ ಕಡೆಯ ಶಾಲಾ ವಾರ್ಷಿಕೋತ್ಸವಗಳಲ್ಲಿ ಈಗಲೂ ಕೇಳಿಬರುತ್ತವೆ. 2018ನೇ ಸಾಲಿನ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಇದಕ್ಕೆ ಬಂತು.

ಶಾಲೆಯ ಮಕ್ಕಳು ದೊಡ್ಡವರಾಗುವ ಕತೆಯನ್ನು ನಗುನಗುತ್ತ ಹೇಳುವ ಚಿತ್ರಗಳು ಎಲ್ಲ ದೇಶಗಳಲ್ಲೂ ಇವೆ. ಇಂಗ್ಲೆಂಡಿನ ‘ದಿ ಹಿಸ್ಟರಿ ಬಾಯ್ಸ್’ (2006) ಚಿತ್ರದಲ್ಲಿ ಶೆಫೀಲ್ಡಿನ ಹುಡುಗರು ಆಕ್ಸ್‌ಫರ್ಡ್, ಕೇಂಬ್ರಿಜ್ ಸೇರಲು ತಯಾರಿ ನಡೆಸುತ್ತಾರೆ. ಹೇಗೆ ಕಲಿಸಬೇಕು ಎಂಬುದೇ ಅಲ್ಲಿನ ಮೇಷ್ಟ್ರುಗಳ ನಡುವಿನ ಜಗಳ. ನಮ್ಮ ಪ್ರವೀಣನ ಚಿಂತೆ ಬೇರೆ. ನಾಳೆ ಬೆಳಿಗ್ಗೆ ಶಾಲೆ ಇರುತ್ತದೆಯೋ ಇಲ್ಲವೋ ಎಂಬುದೇ ಅವನಿಗೆ ಖಾತ್ರಿಯಿಲ್ಲ.

ನಂಜನಗೂಡಿನ ಹಜಾರದಲ್ಲಿ ಅಂದು ಹತ್ತು ಹನ್ನೆರಡು ಮಂದಿ ಇದ್ದೆವು. ‘ಕಾಂತಾರ’ ನೋಡಿ ರಿಷಬ್ ಶೆಟ್ಟಿಯ ಹೆಸರು ತಿಳಿದಿದ್ದ ಹುಡುಗನೊಬ್ಬ, ಯಾರಾದರೂ ಯಾವಾಗ ಕೂಗಿಯಾರು ಎಂದು ಅರ್ಧ ಗಂಟೆ ಕಾದು ಎದ್ದುಹೋದ. ಉಳಿದವರು ಕೊನೆಯವರೆಗೂ ಕುಳಿತರು. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಅನಂತನಾಗ್ ಅವರ ವಾದದ ದೃಶ್ಯಕ್ಕೆ ಕಣ್ಣೊರೆಸಿಕೊಂಡರು. ಮಾತೃಭಾಷೆಯಲ್ಲಿ ಕಲಿಯುವುದು ಮಗುವಿನ ಹಕ್ಕು ಎಂಬ ಮಾತು ಬಂದಾಗ ತೊಡೆ ತಟ್ಟಿದರು. ಅವರ ಪಕ್ಕದಲ್ಲೇ ಮೊಮ್ಮಗ ಕುಳಿತಿದ್ದ, ಇಂಗ್ಲಿಷ್ ಮಾಧ್ಯಮದ ಮೂರನೆಯ ತರಗತಿಯವನು. “ತಾತ, ಮಗ್ಗಿ ಅಂದ್ರೆ ಟೇಬಲ್ಸಾ?” ಎಂದು ಕೇಳಿದ. ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. “ಏನ್ ಮಾಡಾದು ಸಾಬ್ರೇ, ಮಗ ಸೊಸೆ ಕೇಳ್‌ಬೇಕಲ್ಲ” ಎಂದರು. ಅವರನ್ನು ಹಂಗಿಸಲು ನಮಗೂ ಬಾಯಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಬಲವಂತವಾಗಿ ಹೇರುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲೇ ಹೇಳಿದೆ. ನಮ್ಮ ಮನೆಯ ಮಕ್ಕಳೂ ಹಳದಿ ವ್ಯಾನಿನಲ್ಲೇ ಶಾಲೆಗೆ ಹೋಗುತ್ತಾರೆ.

ಆದರೆ ಅಂದು ನಮ್ಮನ್ನು ತಡೆದು ನಿಲ್ಲಿಸಿದ ಮಾತು ಬಾಗಿಲ ಬಳಿ ಕುಳಿತಿದ್ದ ಉರ್ದು ಶಾಲೆಯ ಟೀಚರಮ್ಮನದು. ಪರದೆಯ ಮೇಲೆ ಮಲಯಾಳಿ ಮೇಷ್ಟ್ರು ಲೆಕ್ಕ ಹೇಳುತ್ತಿದ್ದಾನೆ, ಮಕ್ಕಳು ಕಣ್ಣು ಪಿಳಿಪಿಳಿ ಬಿಡುತ್ತಿದ್ದಾರೆ, ಹಜಾರವೆಲ್ಲ ನಗುತ್ತಿದೆ. ಅವರು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: “ಯೇ ಕಾಸರಗೋಡು ಅಪ್ನೇ ಕಾಂಪೌಂಡ್ ಮೇಚ್ ಹೈ ನಾ ಭಾಯ್!” ಈ ಕಾಸರಗೋಡು ನಮ್ಮ ಕಾಂಪೌಂಡಿನೊಳಗೇ ಇದೆಯಲ್ಲ ಎಂದು.

ಆ ಮಾತು ನಮ್ಮನ್ನು ಐದನೆಯ ತರಗತಿಗೆ ಎಳೆದುಕೊಂಡು ಹೋಯಿತು. ಏಳನೆಯ ತರಗತಿಯವರೆಗೆ ನಾವು ಉರ್ದು ಶಾಲೆಯ ಮಕ್ಕಳು. ಊರು, ಶಾಲೆಯ ಹೆಸರು ಬೇಡ. ಆ ವರ್ಷ ಗಣಿತಕ್ಕೆ ಹೊಸ ಮೇಷ್ಟ್ರು ಬಂದರು. ಒಳ್ಳೆಯವರು, ಆದರೆ ಉರ್ದುವಿನ ಅಲಿಫ್ ಸಹ ಗೊತ್ತಿರಲಿಲ್ಲ. ನಮಗೆ ಲೆಕ್ಕವೆಂದರೆ ಜಮಾ, ತಫ್ರೀಖ್, ಜರಬ್, ತಕ್ಸೀಮ್. ಅವರಿಗೆ ಅದು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು. ಅವರು ಹಲಗೆಯ ಮೇಲೆ ತ್ರಿಭುಜ ಬರೆದರೆ ನಮ್ಮ ಪುಸ್ತಕದಲ್ಲಿ ಅದು ಮುಸಲ್ಲಸ್. ಮನೆಯಲ್ಲಿ ದೊಡ್ಡವರ ಬಾಯಲ್ಲಿ ತಕ್ಸೀಮ್ ಎಂದರೆ 1947. ಶಾಲೆಯಲ್ಲಿ ತಕ್ಸೀಮ್ ಎಂದರೆ ಹನ್ನೆರಡು ಮಾವಿನಹಣ್ಣು ನಾಲ್ಕು ಮಕ್ಕಳಿಗೆ. ಮೇಷ್ಟ್ರು ‘ಭಾಗಾಕಾರ’ ಎಂದಾಗ ಅದು ಎರಡೂ ಅಲ್ಲ. ಅಪ್ಪನ ಗುಜರಿ ಅಂಗಡಿಯಲ್ಲಿ ಕನ್ನಡ ಕಲಿತ ಹುಡುಗನೊಬ್ಬ ನಮಗೆಲ್ಲ ದುಭಾಷಿಯಾದ. ಒಂದು ಲೆಕ್ಕಕ್ಕೆ ಒಂದು ಸೀಬೆಕಾಯಿ ಅವನ ಫೀಸು. ಅವನು ಹೇಳಿದ್ದರಲ್ಲಿ ಅರ್ಧ ತಪ್ಪಿತ್ತು ಎಂಬುದು ಪರೀಕ್ಷೆ ಮುಗಿದ ಮೇಲೆ ತಿಳಿಯಿತು.

ಆ ಮೇಷ್ಟ್ರು ದಸರಾ ರಜೆ ಮುಗಿಸಿ ಬರುವಾಗ ಅಂಗೈಯಲ್ಲಿ ಆ ನಾಲ್ಕು ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಂದಿದ್ದರು. ‘ಜರಬ್’ ಎನ್ನಲು ಹೋಗಿ ಅವರು ‘ಜರ್ಬು’ ಎಂದಾಗ ತರಗತಿ ಬಿದ್ದು ಬಿದ್ದು ನಕ್ಕಿತು, ಅವರೂ ನಕ್ಕರು. ಈ ಚಿತ್ರದ ಬಗ್ಗೆ ನಮ್ಮ ಮೊದಲ ತಕರಾರು ಇಲ್ಲಿಂದಲೇ ಹುಟ್ಟುತ್ತದೆ. ಮಲಯಾಳಿ ಮೇಷ್ಟ್ರನ್ನು ಚಿತ್ರ ನಗೆಗೆ ಬಳಸಿಕೊಂಡಷ್ಟು ಮನುಷ್ಯನಾಗಿ ನೋಡಲಿಲ್ಲ. ಕನ್ನಡ ಬಾರದ ಶಿಕ್ಷಕರ ನೇಮಕವನ್ನು ವಿರೋಧಿಸಿ ಕಾಸರಗೋಡಿನ ಮಕ್ಕಳು, ಪಾಲಕರು ಬೀದಿಗಿಳಿದದ್ದು ನಿಜ. ಅವರ ಸಂಕಟ ದೊಡ್ಡದು. ಆದರೆ ಅದು ಆ ಮೇಷ್ಟ್ರ ತಪ್ಪಲ್ಲ, ಅವರನ್ನು ಕಳಿಸಿದ ಕಡತದ್ದು.

ತಿ. ನರಸೀಪುರದ ಹುಡುಗರು ಈ ವಿಷಯದಲ್ಲಿ ನಮಗಿಂತ ಮುಂದಿದ್ದರು. ಅದಕ್ಕೆ ಕಾರಣವೂ ಇದೆ. ಕಲ್ಲಿಕೋಟೆಯಿಂದ ಹೊರಟ ಹೆದ್ದಾರಿ ಬಂಡೀಪುರದ ಕಾಡು ದಾಟಿ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರ ಹಾಯ್ದು ಕೊಳ್ಳೇಗಾಲಕ್ಕೆ ಹೋಗುತ್ತದೆ. ಈ ಎರಡೂ ಊರುಗಳಿಗೆ ಮಲಯಾಳ ಸಿನಿಮಾದಲ್ಲಿ ಕೇಳಿದ ಭಾಷೆಯಲ್ಲ, ಲಾರಿಯಲ್ಲಿ, ಬೇಕರಿಯ ಗಲ್ಲಾದ ಹಿಂದೆ ಕೇಳಿದ ಭಾಷೆ. ಮೇಷ್ಟ್ರ ಪೇಚಾಟ ಕಂಡು ಆಟೋ ಓಡಿಸುವ ಹುಡುಗ, “ಪಾಪ ಕಣ್ ಸಾ, ಅವ್ನೂ ಟ್ರಾನ್ಸ್‌ಫರ್ ಆಗಿ ಬಂದೋನೇ. ಇಲ್ಲಿ ರೂಮ್ ಸಿಕ್ತೋ ಇಲ್ವೋ” ಎಂದ. ನ್ಯಾಯಾಲಯದ ದೃಶ್ಯ ಬರುತ್ತಿದ್ದಂತೆ ಇವರಲ್ಲಿ ಮೂವರು ಟೀ ತರಲು ಇಳಿದುಹೋದರು. ಭುಜಂಗನ ಪಾತ್ರದ ಪ್ರಕಾಶ್ ತೂಮಿನಾಡು ಕಂಡಾಗಲೆಲ್ಲ ಶಿಳ್ಳೆ ಹಾಕಿದವರೂ ಇವರೇ. ಮೊದಲರ್ಧದ ಆಟ, ತುಂಟಾಟ ಇವರಿಗೆ ಬೇಕು, ಭಾಷಣ ಬೇಡ. ನಂಜನಗೂಡಿನ ಮೇಷ್ಟ್ರಿಗೆ ಅದೇ ತಿರುಗುಮುರುಗು. ಯಾರು ಸರಿ ಎಂದು ಕೇಳಿದರೆ ನಾವು ಟೀ ತರಲು ಹೋದವರ ಕಡೆ.

ಕಾರಣ ಹೇಳುತ್ತೇವೆ. ವಾದ ಮಂಡಿಸುವಾಗ ಚಿತ್ರ ‘ಮಾತೃಭಾಷೆ’ ಎಂಬ ಪದದ ಮೇಲೆ ಪೂರ್ತಿ ಭಾರ ಹಾಕುತ್ತದೆ. ಆದರೆ ಕಾಸರಗೋಡಿನ ಕನ್ನಡ ಶಾಲೆಯ ಬೆಂಚಿನಲ್ಲಿ ಕೂತ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಆಡುವವರೆಷ್ಟು? ಒಬ್ಬನ ಮನೆಯಲ್ಲಿ ತುಳು, ಇನ್ನೊಬ್ಬಳ ಮನೆಯಲ್ಲಿ ಕೊಂಕಣಿ, ಮತ್ತೊಬ್ಬನ ಮನೆಯಲ್ಲಿ ಬ್ಯಾರಿ ಅಥವಾ ಆ ಕಡೆಯ ಮುಸ್ಲಿಮರ ಮಲಯಾಳ, ಮಗದೊಬ್ಬಳ ಮನೆಯಲ್ಲಿ ಮರಾಠಿ, ಹವ್ಯಕರಲ್ಲಿ ಹವಿಗನ್ನಡ. ಸಪ್ತಭಾಷೆಗಳ ನಾಡು ಎಂದು ಅದನ್ನು ಸುಮ್ಮನೆ ಕರೆಯಲಿಲ್ಲ. ಕನ್ನಡದ ಮೊದಲ ರಾಷ್ಟ್ರಕವಿ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಬದುಕಿಡೀ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ‘ಚಂದ್ರಗಿರಿಯ ತೀರದಲ್ಲಿ’ ಬರೆದು ನಮ್ಮಂಥ ಕತೆಗಾರರಿಗೆಲ್ಲ ದಾರಿ ತೋರಿಸಿದ ಸಾರಾ ಅಬೂಬಕ್ಕರ್ ಅವರ ಮನೆಯಲ್ಲೂ ಕನ್ನಡವಿರಲಿಲ್ಲ, ಕಾಸರಗೋಡಿನ ಶಾಲೆಯಲ್ಲಿತ್ತು. ಇವರಾರಿಗೂ ಕನ್ನಡ ತೊಟ್ಟಿಲಲ್ಲಿ ಸಿಕ್ಕಿದ್ದಲ್ಲ. ಶಾಲೆಯ ಅಂಗಳದಲ್ಲಿ ಸಿಕ್ಕಿದ್ದು. ಹಲವು ಮನೆಮಾತಿನ ಮಕ್ಕಳು ಕೂಡಿ ಆಡಲು ಒಂದು ಅಂಗಳ ಬೇಕಿತ್ತು, ಅದು ಕನ್ನಡವಾಯಿತು. ಆ ಅಂಗಳವನ್ನು ಉಳಿಸಿಕೊಳ್ಳಬೇಕೆಂಬ ವಾದ, ತಾಯಿಯ ಹೆಸರಿನ ವಾದಕ್ಕಿಂತ ದುರ್ಬಲವೇನಲ್ಲ.

ವಿಚಿತ್ರವೆಂದರೆ ಚಿತ್ರದ ಮೊದಲರ್ಧಕ್ಕೆ ಇದು ಚೆನ್ನಾಗಿ ಗೊತ್ತು. ಮಮ್ಮೂಟ್ಟಿ ಎಂಬ ಹುಡುಗನೇ ಅದಕ್ಕೆ ಸಾಕ್ಷಿ. ಸಾಬರ ಹುಡುಗನೊಬ್ಬ ಕನ್ನಡ ಸಿನಿಮಾದಲ್ಲಿ ಬಂದರೆ ಸಾಮಾನ್ಯವಾಗಿ ನಮ್ಮ ಜನ ಉಸಿರು ಬಿಗಿಹಿಡಿಯುತ್ತಾರೆ. ಈಗ ಇವನು ದೇಶಭಕ್ತಿ ತೋರಿಸಿ ಸಾಯುತ್ತಾನೋ, ಅಥವಾ ಏನಾದರೂ ಇಟ್ಟು ಓಡುತ್ತಾನೋ ಎಂದು. ಮಮ್ಮೂಟ್ಟಿ ಎರಡನ್ನೂ ಮಾಡುವುದಿಲ್ಲ. ಆಡುತ್ತಾನೆ, ತಿನ್ನುತ್ತಾನೆ, ಬಯ್ಯಿಸಿಕೊಳ್ಳುತ್ತಾನೆ, ಗೆಳೆಯನ ಪ್ರೇಮಪ್ರಕರಣಕ್ಕೆ ಸಾಥ್ ಕೊಡುತ್ತಾನೆ. ಮಹಡಿಯ ಮೇಲೆ ಕಾಜ ಹೊಲಿಯುತ್ತಲೇ ನೋಡುತ್ತಿದ್ದ ಹುಡುಗ, “ಇವ್ನು ನಮ್ ಥರಾನೇ ದಡ್ಡ ಕಣ್ರೋ” ಎಂದು ಕೂಗಿದಾಗಿನ ಅವನ ಖುಷಿ ನೋಡಬೇಕಿತ್ತು. ದಡ್ಡನಾಗಿರುವ ಸ್ವಾತಂತ್ರ್ಯ ಸಣ್ಣದಲ್ಲ. ಇಂಥದೊಂದು ಪಾತ್ರವನ್ನು ಇಷ್ಟು ಸಲೀಸಾಗಿ ಕೊಟ್ಟದ್ದಕ್ಕೆ ರಿಷಬ್ ಶೆಟ್ಟಿಯವರಿಗೆ ನಾವು ಋಣಿ. ಆದರೆ ಈ ಹುಡುಗ ಮನೆಗೆ ಹೋಗಿ ಅಮ್ಮನ ಜೊತೆ ಯಾವ ಭಾಷೆ ಆಡುತ್ತಾನೆ ಎಂಬ ಪ್ರಶ್ನೆಯನ್ನು ಆ ಉದ್ದನೆಯ ವಾದ ಎತ್ತಿಕೊಂಡಿದ್ದರೆ ಅದರ ರುಚಿಯೇ ಬೇರೆಯಾಗುತ್ತಿತ್ತು.

ಪಲ್ಲವಿಯ ವಿಷಯವನ್ನು ನಾವು ಗಮನಿಸಿರಲೇ ಇಲ್ಲ. ನಂಜನಗೂಡಿನ ಮನೆಯ ಎಂಟನೆಯ ತರಗತಿಯ ಹುಡುಗಿ ಎತ್ತಿ ತೋರಿಸಿದಳು. “ಅವ್ಳನ್ನ ಎಲ್ರೂ ನೋಡ್ತಾರೆ ಅಂಕಲ್, ಅವ್ಳು ಯಾರನ್ನ ನೋಡ್ತಾಳೆ ಅಂತ ತೋರ್ಸೋದೇ ಇಲ್ಲ.” ಕತೆ ಬರೆಯುವ ನಮಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಟೀಚರಮ್ಮನ ಮಾತಿಗೆ ಮರಳೋಣ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಅವರ ಭಾಷೆಯಲ್ಲೇ ಕಲಿಯುವ ಅನುಕೂಲ ಮಾಡಿಕೊಡಬೇಕೆನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷ. ಅಲ್ಲಿ ಆ ವಿಧಿಯ ನೆರಳಿನಲ್ಲಿ ನಿಂತಿರುವುದು ಕನ್ನಡ, ಇಲ್ಲಿ ಉರ್ದು. ಅಲ್ಲಿನ ಶಾಲೆಗಾಗಿ ಕಣ್ಣೊರೆಸಿಕೊಂಡ ಹಜಾರದಲ್ಲಿ, ಇಲ್ಲಿನ ಶಾಲೆಯ ಮಾತು ಬಂದಾಗ ಒಂದು ಕ್ಷಣ ಮೌನ. “ಅದು ಬೇರೆ ಬುಡಿ” ಎಂದರು ಒಬ್ಬರು. ಹೇಗೆ ಬೇರೆ ಎಂದು ಅವರು ಹೇಳಲಿಲ್ಲ. ಕೇಳುವ ಧೈರ್ಯ ನಮಗೂ ಬರಲಿಲ್ಲ, ಅವರ ಮನೆಯ ಟೀ ಕೈಯಲ್ಲಿತ್ತು.

ಟೀಚರಮ್ಮನೇ ಮಾತು ಮುಂದುವರಿಸಿದರು. ಕನ್ನಡದ ಮೇಷ್ಟ್ರು ಬೇಡ ಎನ್ನುವವರಲ್ಲ ಅವರು. “ಕನ್ನಡ ಚೆನ್ನಾಗಿ ಬಂದ್ರೇನೇ ನಮ್ಮ ಮಕ್ಕಳಿಗೆ ಹೈಸ್ಕೂಲು, ಕೆಲಸ. ಇನ್ನೊಬ್ರು ಕನ್ನಡ ಮೇಷ್ಟ್ರು ಬಂದ್ರೂ ಸಂತೋಷವೇ. ಆದ್ರೆ ಲೆಕ್ಕ ಹೇಳೋರಿಗೆ ಮಗು ‘ಸಮಝ್ ನಹೀಂ ಆಯಾ’ ಅಂದಿದ್ದಾದ್ರೂ ಅರ್ಥ ಆಗ್ಬೇಕಲ್ಲ” ಎಂದರು. ನಿವೃತ್ತ ಮೇಷ್ಟ್ರು ತಲೆಯಾಡಿಸಿದರು. “ಅಷ್ಟಾದ್ರೂ ಆಗ್ಲೇಬೇಕು ತಾಯಿ” ಎಂದರು.

ಹೊರಡುವಾಗ ಟೀಚರಮ್ಮ ಪೆನ್‌ಡ್ರೈವ್ ಕೇಳಿದರು, ಶನಿವಾರ ಶಾಲೆಯಲ್ಲಿ ತೋರಿಸಲು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆಯೇ ಎಂದು ಕೇಳಿದೆವು. “ಪೂರಾ ಆಗಲ್ಲ. ನಗೋ ಕಡೆ ನಗ್ತಾರೆ. ಲೆಕ್ಕದ ಮೇಷ್ಟ್ರು ಬಂದಾಗ ಮಾತ್ರ ನಾನೇನೂ ವಿವರಿಸಬೇಕಾಗಿಲ್ಲ” ಎಂದರು.